ನಕ್ಷತ್ರ ಕೂಡಿಸು ಎಂಟು

ಮನೆಯಿಂದ,
4 ಫೆಬ್ರವರಿ 1991

ಪೂಜ್ಯ ಅತ್ತೆಯವರಿಗೆ,

ಕಿವಿಯ ಯಂತ್ರ ಬದಲಾಯಿಸಿದ ಮೇಲೂ ಫೋನಿನಲ್ಲಿ ನಿಮಗೆ ಬರೀ ಗಾಳಿಯ ಸದ್ದು ಕೇಳುತ್ತದೆಂದು ನಾದಿನಿ ಹೇಳಿದಳು. ಇನ್ನು ಪತ್ರವೇ ಸರಿ. ನನಗೂ ಕೂಗಿ ಮಾತಾಡುವುದು ಬರುವುದಿಲ್ಲ.

ನೀವು ನಿವೃತ್ತರಾಗಿ ಮಗಳ ಮನೆಗೆ ಹೋದ ಮೇಲೆ ವಿದ್ಯುತ್ ಕಚೇರಿಯ ಗಣಕ ವಿಭಾಗದಲ್ಲಿ ನಿಮ್ಮ ಮೇಜಿಗೆ ನಾನೇ ಬಂದಿದ್ದೇನೆ. ಬಾಗಿಲು ಕಾಯುವವನು ಇನ್ನೂ ಅದನ್ನು ‘ದೊಡ್ಡಮ್ಮಾವ್ರ ಮೇಜು’ ಎನ್ನುತ್ತಾನೆ. ಎಡಗಡೆಯ ಡ್ರಾಯರು ಈಗಲೂ ಮೊಣಕಾಲಿನಿಂದ ಗುದ್ದಿದರೇ ತೆರೆಯುವುದು.

ಒಂದು ಸಣ್ಣ ಸಂದೇಹ. ಒಂದು ಹಳೆಯ ಅಸೆಂಬ್ಲರ್ ಪ್ರೋಗ್ರಾಮಿನಲ್ಲಿ ಒಂದು ಬ್ರ್ಯಾಂಚ್ ಇದೆ, ನಡುವಿನದನ್ನು ಬಿಟ್ಟು ಬೇರೆ ಸಾಲಿಗೆ ನೆಗೆಯುವ ಆಜ್ಞೆ. ಎಲ್ಲಿಗೆ ನೆಗೆಯಬೇಕೆಂದು ಹೆಸರು ಕೊಟ್ಟಿಲ್ಲ. ಹೆಸರಿನ ಜಾಗದಲ್ಲಿ ಒಂದು ನಕ್ಷತ್ರ, ಕೂಡಿಸುವ ಚಿಹ್ನೆ, ಎಂಟು. ಹೀಗೆ ಬರೆಯುವುದು ನಿಮ್ಮ ಕಾಲದಲ್ಲಿ ರೂಢಿಯಲ್ಲಿತ್ತೇ? ಅವಸರವೇನಿಲ್ಲ. ಆದರೂ ಈ ವಾರವೇ ಬರೆದರೆ ಒಳ್ಳೆಯದು.

ಇವರು ಚೆನ್ನಾಗಿದ್ದಾರೆ. ಮೇಲಿನ ಮಹಡಿಯಲ್ಲಿ, ಆಡಳಿತದಲ್ಲಿ, ಇವರ ಬಡ್ತಿಯ ಮಾತು ನಡೆಯುತ್ತಿದೆ. ಒಂದು ವರ್ಷ ನಿಮ್ಮ ಕೈಕೆಳಗೆ ಅಸೆಂಬ್ಲರ್ ಕಲಿತವರು, ಈಗ ಅದರ ಮಾತೆತ್ತಿದರೆ ಆಕಳಿಸುತ್ತಾರೆ.

ಇಂತಿ,
ನಿಮ್ಮ ಸೊಸೆ


ಮಗಳ ಮನೆಯಿಂದ,
13 ಫೆಬ್ರವರಿ 1991

ಸೊಸೆಗೆ ಆಶೀರ್ವಾದ.

ರೂಢಿಯಲ್ಲಿತ್ತು. ಕೆಟ್ಟ ರೂಢಿ. ಸೋಮಾರಿಗಳದು.

ನಕ್ಷತ್ರ ಎಂದರೆ ‘ನಾನೀಗ ನಿಂತಿರುವ ಜಾಗ’. ನಕ್ಷತ್ರ ಕೂಡಿಸು ಎಂಟು ಎಂದರೆ ಇಲ್ಲಿಂದ ಎಂಟು ಬೈಟ್ ಮುಂದಕ್ಕೆ ನೆಗೆ ಎಂದು. ನೆಗೆಯುವ ಸಾಲೇ ನಾಲ್ಕು ಬೈಟ್ ತಿನ್ನುತ್ತದೆ, ಅದರ ಕೆಳಗಿನ ಸಾಲು ಇನ್ನು ನಾಲ್ಕು. ಹಾಗಾಗಿ ಕೆಳಗಿನ ಒಂದು ಸಾಲನ್ನು ದಾಟಿ ಅದರಾಚೆ ಇಳಿಯುತ್ತೇವೆ. ಬರೆದ ದಿನ ಸರಿಯಾಗಿಯೇ ಇರುತ್ತದೆ. ಮುಂದೊಂದು ದಿನ ಯಾರೋ ನಡುವೆ ಹೊಸ ಸಾಲು ಸೇರಿಸುತ್ತಾರೆ. ಎಂಟು ಎಂಟಾಗಿಯೇ ಉಳಿಯುತ್ತದೆ, ಜಾಗ ಮಾತ್ರ ಸರಿದಿರುತ್ತದೆ. ಯಾವುದನ್ನು ದಾಟಬೇಕಿತ್ತೋ ನೇರವಾಗಿ ಅದರ ತಲೆಯ ಮೇಲೇ ಇಳಿಯುತ್ತೇವೆ. ಅಸೆಂಬ್ಲರ್ ಚಕಾರ ಎತ್ತುವುದಿಲ್ಲ. ಎಂಟು ಎಂದೆಯಲ್ಲ, ಎಂಟೇ ಇರಲಿ ಎನ್ನುತ್ತದೆ. ರೋಗಿಯಿರುವ ಮನೆಯ ಗುರುತು ನೋಡುವಂಥ ಕಡೆಯಲ್ಲಂತೂ ಹೀಗೆ ಎಣಿಸಿ ನೆಗೆಯುವುದು ಕೊಲೆಗೆ ಸಮ.

ಇಳಿಯುವ ಸಾಲಿಗೊಂದು ಹೆಸರಿಡು. ಆ ಹೆಸರಿಗೆ ನೆಗೆ. ಆಮೇಲೆ ನಡುವೆ ನೂರು ಸಾಲು ಬರಲಿ, ದೂರವನ್ನು ಅಸೆಂಬ್ಲರೇ ಹೊಸದಾಗಿ ಲೆಕ್ಕ ಹಾಕುತ್ತದೆ. ಎಣಿಸುವುದು ಅದರ ಕೆಲಸ, ಹೆಸರಿಡುವುದು ನಮ್ಮದು. ಹಿಂದೆ ನನ್ನ ಹತ್ತಿರ ಒಬ್ಬ ಕಲಿಯುತ್ತಿದ್ದ. ಎಲ್ಲ ಕಡೆ ನಕ್ಷತ್ರ. ಕೇಳಿದರೆ, “ಹೆಸರೇ ಹೊಳೀತಿಲ್ಲ” ಎಂದ. “ನಾಳೆ ನಿಂಗೆ ಮಕ್ಕಳಾದ್ರೆ ಏನಂತ ಕರೀತೀಯೋ? ಮೊದಲ್ನೇದರಿಂದ ಮೂರು ವರ್ಷ ಮುಂದಕ್ಕೆ ಅಂತಲಾ?” ಎಂದು ಬೈದಿದ್ದೆ.

ಇನ್ನೊಂದು. ಪ್ರೋಗ್ರಾಮ್ ಅಚ್ಚಾಗಿ ಬರುವ ಲಿಸ್ಟಿಂಗನ್ನು ಕೊನೆಯ ಪುಟದಿಂದ ಓದು. ಪ್ರೋಗ್ರಾಮಿನಲ್ಲಿರುವ ಹೆಸರುಗಳೆಲ್ಲ ಅಲ್ಲಿ ಸಾಲಾಗಿ ಇರುತ್ತವೆ, ಯಾವ ಹೆಸರು ಎಲ್ಲಿದೆ, ಅದಕ್ಕೆ ಯಾರು ಎಲ್ಲಿಂದ ನೆಗೆಯುತ್ತಾರೆ ಎಂದು. ಬೇರೆಯವರು ಪೇಪರು ಓದುವ ಹಾಗೆ ನಾನು ಅದನ್ನು ಓದುತ್ತಿದ್ದೆ. ಮೊದಲ ಪುಟ ಹೇಳದ್ದನ್ನು ಅದು ಹೇಳುತ್ತದೆ.

ಅವನಿಗೆ ಕೆಮ್ಮು ಹೋಯಿತೇ?

ನಿನ್ನ ಅತ್ತೆ


ಮನೆಯಿಂದ,
25 ಫೆಬ್ರವರಿ 1991

ಪೂಜ್ಯ ಅತ್ತೆಯವರಿಗೆ,

ಮೊದಲ ಪತ್ರದಲ್ಲಿ ಪೂರ್ತಿ ಬರೆಯಲಿಲ್ಲ. ಈಗ ಬರೆಯುತ್ತೇನೆ.

ಬಿಲ್ಲು ಬಾಕಿಯಿರುವ ಮನೆಗಳ ಸಂಪರ್ಕ ಕತ್ತರಿಸಲು ಆದೇಶ ಮುದ್ರಿಸುವ ಪ್ರೋಗ್ರಾಮ್ ನಿಮಗೆ ಗೊತ್ತೇ ಇದೆ. ಮನೆಯಲ್ಲಿ ಯಂತ್ರದ ಮೇಲೆ ಬದುಕಿರುವ ರೋಗಿ ಇದ್ದರೆ, ಬಾಕಿ ಎಷ್ಟೇ ಇರಲಿ, ಕತ್ತರಿಸುವಂತಿಲ್ಲ. ರೋಗಿಯ ಗುರುತು ಕಂಡರೆ, ‘ಕತ್ತರಿಸು’ ಎಂದು ಗುರುತು ಹಾಕುವ ಸಾಲನ್ನು ದಾಟಿ ಪ್ರೋಗ್ರಾಮ್ ಮುಂದಕ್ಕೆ ನೆಗೆಯಬೇಕು. ಆ ನೆಗೆತವೇ ನಕ್ಷತ್ರ ಕೂಡಿಸು ಎಂಟು.

ಕತ್ತರಿಸುವ ಕಾರಣವನ್ನೂ ಆದೇಶದಲ್ಲಿ ಅಚ್ಚು ಹಾಕಬೇಕೆಂದು ಡಿಸೆಂಬರಿನಲ್ಲಿ ಮೇಲಿನವರು ಹೇಳಿದರು. ಕಾರಣ ತುಂಬುವ ಒಂದು ಸಾಲನ್ನು ಆ ನೆಗೆತಕ್ಕೂ ‘ಕತ್ತರಿಸು’ ಎಂಬ ಸಾಲಿಗೂ ನಡುವೆ ಸೇರಿಸಿದೆ. ನಾಲ್ಕು ಬೈಟಿನ ಸಾಲು. ಮುಂದಿನದನ್ನು ನೀವೇ ಬರೆದಿದ್ದೀರಿ. ರೋಗಿಯಿರುವ ಮನೆಗಳು ನನ್ನ ಸಾಲನ್ನು ದಾಟಿ ನೇರವಾಗಿ ‘ಕತ್ತರಿಸು’ ಮೇಲೆ ಇಳಿದವು.

ಅಂಥ ಮನೆಗಳು ಕೆಲವೇ. ಒಂದರಲ್ಲಿ ಹೊಲಿಗೆಯಾಕೆಯೊಬ್ಬಳ ತಾಯಿ ಉಸಿರಾಟದ ಯಂತ್ರದ ಮೇಲಿದ್ದರು. ಮಗಳು ಅಂಗಡಿಗೆ ಹೋಗಿದ್ದಾಗ ಲೈನ್‌ಮ್ಯಾನ್ ಬಂದು ಹೊರಗಿನ ಕಂಬದಲ್ಲೇ ಕತ್ತರಿಸಿ ಹೋದ. ಪಕ್ಕದ ಮನೆಯವರು ನೋಡಿ ಆಸ್ಪತ್ರೆಗೆ ಒಯ್ದರು. ಉಸಿರು ಉಳಿಯಿತು, ಮಾತು ಹೋಯಿತು. ಲೈನ್‌ಮ್ಯಾನ್ ನನ್ನ ಮೇಜಿನ ಮುಂದೆ ನಿಂತು, “ಕಾರಣದ ಜಾಗ ಖಾಲಿ ಇತ್ತಮ್ಮಾ. ಖಾಲಿ ಇದ್ರೆ ಬಂದು ಕೇಳು ಅಂತ ನಂಗ್ಯಾರೂ ಹೇಳಿರ್ಲಿಲ್ಲ” ಎಂದ. ಅವನು ಹೇಳಿದ್ದು ನಿಜ. ನನ್ನ ಸಾಲನ್ನು ಹಾರಿ ಬಂದ ಮನೆಗಳಿಗೆ ಕಾರಣ ತುಂಬುವುದೇ ಇಲ್ಲ.

ವಿಚಾರಣಾ ಸಮಿತಿಯ ಮುಂದೆ, ಸಾಲು ಸೇರಿಸಿದವಳು ನಾನು, ಮೇಲಿನ ಸಾಲನ್ನು ಗಮನಿಸದವಳೂ ನಾನು ಎಂದೆ. ನಕ್ಷತ್ರದ ಸಾಲು ಯಾರದೆಂದು ಕೇಳಿದರು. ಗೊತ್ತಿಲ್ಲ ಎಂದೆ.

ನಿಮ್ಮಿಂದ ಒಂದೇ ಒಂದು ಸಹಾಯ. ಇಂಥ ನೆಗೆತ ಹಳೆಯ ಪ್ರೋಗ್ರಾಮಿನಲ್ಲಿ ಮೊದಲಿನಿಂದ ಇತ್ತು ಎಂದು ಮುಖ್ಯಾಧಿಕಾರಿಗಳಿಗೆ ಎರಡು ಸಾಲು ಬರೆಯಿರಿ. ಯಾರ ಹೆಸರೂ ಬೇಡ. ನಿಮ್ಮ ಮಾತಿಗೆ ಅಲ್ಲಿ ಇನ್ನೂ ಬೆಲೆಯಿದೆ. ಆಗ ಇದು ತಪ್ಪು ಎನಿಸಿಕೊಳ್ಳುತ್ತದೆ. ಇಲ್ಲವಾದರೆ ಬೇಜವಾಬ್ದಾರಿ ಎನಿಸಿಕೊಳ್ಳುತ್ತದೆ, ಬೇಜವಾಬ್ದಾರಿಗೆ ಕೆಲಸದಿಂದ ತೆಗೆಯುತ್ತಾರೆ.

ಈ ಕೆಲಸ ಹೋದರೆ ನನ್ನದೆಂದು ಹೇಳಿಕೊಳ್ಳಲು ನನಗೆ ಬೇರೇನೂ ಇಲ್ಲ. ಕಲಿಸಿದವರು ನೀವೇ, ನಿಮಗೆ ಇದು ಅರ್ಥವಾಗುತ್ತದೆ.

ನಿಮ್ಮ ಸೊಸೆ


ಮಗಳ ಮನೆಯಿಂದ,
19 ಮಾರ್ಚ್ 1991

ಸೊಸೆಗೆ ಆಶೀರ್ವಾದ.

ಬೆರಳಿನ ಗಂಟು ನೋಯುತ್ತಿತ್ತು, ಅದಕ್ಕೆ ತಡವಾಯಿತು.

ಮಾಡಿದ್ದನ್ನು ಮಾಡಿದೆನೆಂದು ಸಮಿತಿಯ ಮುಂದೆ ಹೇಳಿದೆಯಲ್ಲ, ಅದು ದೊಡ್ಡ ಗುಣ. ಹೊಸ ಸಾಲು ಸೇರಿಸುವವರು ಮೇಲೆ ಹತ್ತು ಸಾಲು ಕೆಳಗೆ ಹತ್ತು ಸಾಲು ಓದಬೇಕೆಂದು ನಾನು ಹೇಳಿಕೊಟ್ಟದ್ದು ನಿನಗೆ ನೆನಪಿದೆ, ಹಾಗಾಗಿ ಮತ್ತೆ ಹೇಳುವುದಿಲ್ಲ.

ಪತ್ರದ ವಿಷಯ. ನಿವೃತ್ತಳಾದವಳು ಕಚೇರಿಗೆ ಕೈ ಹಾಕಬಾರದು. ನಾನು ಮೊದಲಿನಿಂದ ಇತ್ತು ಎಂದು ಬರೆದರೆ, ಮೊದಲೆಂದರೆ ಯಾವಾಗ, ಆಗ ಯಾರಿದ್ದರು ಎಂದು ಕೇಳುತ್ತಾರೆ. ಹಳೆಯ ಲಿಸ್ಟಿಂಗುಗಳನ್ನು ಕೆದಕುತ್ತಾರೆ. ಮಣ್ಣು ಅಗೆದರೆ ಮಣ್ಣೇ ಬರುವುದು. ಈಗ ಮೇಲಿನ ಮಹಡಿಯಲ್ಲಿ ಸಂದರ್ಶನ ಇರುವ ಹೊತ್ತು. ನಮ್ಮ ಮನೆಯ ಹೆಸರು ಕಾಗದದಿಂದ ಕಾಗದಕ್ಕೆ ಓಡಾಡುವುದು ಬೇಡ.

ನೀನು ಕೆಲವು ದಿನ ಮನೆಯಲ್ಲಿದ್ದರೂ ಒಲೆ ಆರುವುದಿಲ್ಲ. ಅವನು ಊಟಕ್ಕೆ ಕೂತಾಗ ಇದನ್ನೆಲ್ಲ ಎತ್ತಬೇಡ. ಚಿಕ್ಕಂದಿನಿಂದಲೂ ಅವನಿಗೆ ಊಟದ ಹೊತ್ತಿನಲ್ಲಿ ಯಾರಾದರೂ ಜೋರು ಮಾಡಿದರೆ ತುತ್ತು ಇಳಿಯುತ್ತಿರಲಿಲ್ಲ.

ಅತ್ತೆ


ಮನೆಯಿಂದ,
2 ಏಪ್ರಿಲ್ 1991

ಅತ್ತೆಯವರಿಗೆ,

ಬೇಜವಾಬ್ದಾರಿ ಎಂದೇ ಬರೆದಿದ್ದಾರೆ. ಈ ವಾರ ಕೆಲಸ ಒಪ್ಪಿಸಿ ಹೊರಡಬೇಕು. ಇವರು ಊಟ ಸರಿಯಾಗಿಯೇ ಮಾಡುತ್ತಿದ್ದಾರೆ.

ಸೊಸೆ


ಮಗಳ ಮನೆಯಿಂದ,
10 ಜೂನ್ 1991

ಸೊಸೆಗೆ ಆಶೀರ್ವಾದ.

ಹಿಂದಿನ ಎರಡು ಪತ್ರಗಳಿಗೆ ಉತ್ತರವಿಲ್ಲ. ಅಂಚೆಯವನನ್ನು ಕೇಳಿದರೆ ನಗುತ್ತಾನೆ. ನನಗೆ ಕೇಳಿಸುವುದಿಲ್ಲವೆಂದು ಉತ್ತರವನ್ನು ಕೈಸನ್ನೆಯಲ್ಲಿ ಹೇಳುತ್ತಾನೆ, ಖಾಲಿ ಚೀಲ ತೋರಿಸಿ.

ನಿನಗೆ ಬೇಸರವಿರುವುದು ಸಹಜ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲದಲ್ಲಿ ಗಣಕ ವಿಭಾಗದಲ್ಲಿ ಹೆಂಗಸೆಂದರೆ ನಾನೊಬ್ಬಳೇ. ನನ್ನ ಪ್ರೋಗ್ರಾಮ್ ನಿಂತರೆ ಹೆಂಗಸಿನ ಪ್ರೋಗ್ರಾಮ್ ನಿಂತಿತು ಎನ್ನುತ್ತಿದ್ದರು, ಗಂಡಸಿನದು ನಿಂತರೆ ಯಂತ್ರ ಕೆಟ್ಟಿತು ಎನ್ನುತ್ತಿದ್ದರು. ನಾನೂ ಉತ್ತರ ಬರೆಯದೆ ಕೂತ ದಿನಗಳಿವೆ. ಕಾಲ ಎಲ್ಲವನ್ನೂ ತಿದ್ದುತ್ತದೆ.

ಅವನ ಪತ್ರ ಬಂತು, ಕಚೇರಿಯ ಹೊಸ ಕಾಗದದಲ್ಲಿ. ಬಡ್ತಿ ಆಯಿತಂತೆ. ಗಣಕ ವಿಭಾಗವೂ ಅವನ ಕೈಕೆಳಗೇ ಬರುತ್ತದಂತೆ. ನಿನ್ನ ಬಗ್ಗೆ ಒಂದು ಮಾತೂ ಬರೆದಿಲ್ಲ. ಹೊಸ ಜವಾಬ್ದಾರಿಯಲ್ಲಿ ಮರೆತಿರಬೇಕು. ಒಂದು ಸಾಲಾದರೂ ಬರೆ.

ಅತ್ತೆ


ಬಾಡಿಗೆ ಕೋಣೆಯಿಂದ,
1 ಜುಲೈ 1991

ಅತ್ತೆಯವರಿಗೆ,

ನಿಮ್ಮ ಪತ್ರಗಳು ಹಳೆಯ ಮನೆಗೆ ಹೋಗಿ, ಅಲ್ಲಿಂದ ಕಚೇರಿಯ ಬಾಗಿಲು ಕಾಯುವವನ ಕೈಯಲ್ಲಿ ಇಲ್ಲಿಗೆ ಬಂದವು. ಮೇ ತಿಂಗಳಿನಿಂದ ನಾನು ಇಲ್ಲಿದ್ದೇನೆ. ಕೆಳಗೆ ಗಡಿಯಾರ ರಿಪೇರಿ ಅಂಗಡಿ. ಗೋಡೆಯ ಮೇಲಿನ ಯಾವ ಗಡಿಯಾರವೂ ಇನ್ನೊಂದರ ಮಾತು ಕೇಳುವುದಿಲ್ಲ.

ನೀವು ಕಲಿಸಿದ ರೀತಿಯಲ್ಲೇ ಹೇಳುತ್ತೇನೆ, ಒಂದಾದ ಮೇಲೊಂದು.

ಜನವರಿಯಲ್ಲಿ, ಸಮಿತಿ ಕರೆಯುವ ಮೊದಲೇ, ನಕ್ಷತ್ರದ ಸಾಲನ್ನು ಇವರಿಗೆ ತೋರಿಸಿದ್ದೆ. “ಅದು ಅಮ್ಮ ಬರ್ದಿದ್ದು. ಮೇಲ್ಗಡೆ ಅವಳ ಹೆಸರಿನ ಅಕ್ಷರ ಇದೆ ನೋಡು. ಈ ವಯಸ್ಸಲ್ಲಿ ಅವಳನ್ನ ಎಳೀಬೇಡ, ತಡ್ಕೊಳ್ಳಲ್ಲ” ಎಂದರು. ಹಾಗಾಗಿ ಗೊತ್ತಿಲ್ಲ ಎಂದು ಸಮಿತಿಗೆ ಸುಳ್ಳು ಹೇಳಿದೆ. ನಿಮಗೋಸ್ಕರ. ಪತ್ರ ಬರೆಯುವುದಿಲ್ಲವೆಂದು ನೀವು ತಿಳಿಸಿದಾಗಲೂ, ಪಾಪ, ತಮ್ಮ ತಪ್ಪು ಹೊರಬೀಳುವ ಹೆದರಿಕೆ ಎಂದುಕೊಂಡು ಕ್ಷಮಿಸಿದ್ದೆ.

ಕೆಲಸ ಒಪ್ಪಿಸುವ ವಾರ ಮಾಡಲು ಏನೂ ಇರಲಿಲ್ಲ. ಆ ಪ್ರೋಗ್ರಾಮನ್ನು ಪೂರ್ತಿ ಓದಿದೆ, ಕೊನೆಯ ಪುಟದಿಂದ. ಪ್ರತಿ ನೆಗೆತವೂ ಒಂದು ಹೆಸರಿಗೆ. ಎಷ್ಟು ಒಳ್ಳೆಯ ಹೆಸರುಗಳು! ಒಂದೊಂದೂ ಆ ಜಾಗದಲ್ಲಿ ಏನಾಗುತ್ತದೆಂದು ಹೇಳುತ್ತದೆ. ಒಂದು ಕಡೆ ಮಾತ್ರ ನಕ್ಷತ್ರ. ಅಷ್ಟು ಹೆಸರಿಟ್ಟ ಕೈ ಆ ಒಂದನ್ನು ಬರೆಯುವುದಿಲ್ಲ. ವಿಭಾಗದಲ್ಲಿ ಯಾರು ಏನು ಬರೆದರೂ ಮೇಲೆ ಮುಖ್ಯಸ್ಥರಾಗಿದ್ದ ನಿಮ್ಮ ಹೆಸರಿನ ಅಕ್ಷರಗಳೇ ಬೀಳುತ್ತಿದ್ದವೆಂದು ಆಗ ನೆನಪಾಯಿತು.

ಮನೆಗೆ ಬಂದು ನಿಮ್ಮ ಮೊದಲ ಪತ್ರ ತೆಗೆದೆ. ನಾನು ಕೇಳಿದ್ದು ‘ಒಂದು ಹಳೆಯ ಪ್ರೋಗ್ರಾಮ್’ ಎಂದಷ್ಟೆ. ರೋಗಿಯ ಮಾತನ್ನು ನಾನು ಎತ್ತಿರಲೇ ಇಲ್ಲ. ನೀವು ಎತ್ತಿದ್ದೀರಿ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ವ್ಯತ್ಯಾಸ ಇಷ್ಟೇ, ನೀವು ಮುಟ್ಟಿ ನೋಡಿದ್ದು ನಿಮ್ಮ ಹೆಗಲನ್ನಲ್ಲ, ಮಗನದನ್ನು. ಇವರು ಮುಂಚೆಯೇ ನಿಮಗೆ ತಿಳಿಸಿರಬಹುದೆಂದು ಕೇಳಿ ನೋಡಿದೆ. “ಅಮ್ಮಂಗ್ಯಾಕೆ ಬರೀಲಿ? ಸುಮ್ನೆ ಗಾಬರಿ ಮಾಡ್ಕೊಳ್ತಾಳೆ” ಎಂದರು.

ಹೆಸರೇ ಹೊಳೆಯುತ್ತಿಲ್ಲ ಎಂದವನು ಯಾರು ಎನ್ನುವುದು ಕೂಡ ಆಗಲೇ ತಿಳಿಯಬೇಕಿತ್ತು. ಮದುವೆಯಾದಾಗಿನಿಂದ ನನ್ನನ್ನು ‘ಇವಳೇ’ ಎಂದೇ ಕರೆದವರು. ಅಂಗಡಿ ಯಾವುದೆಂದರೆ ‘ಇಲ್ಲಿಂದ ನಾಲ್ಕನೇ ಬಾಗಿಲು’ ಎನ್ನುತ್ತಾರೆ. ನಡುವೆ ಒಂದು ಅಂಗಡಿ ಹೊಸದಾಗಿ ಬಂದು ಎಷ್ಟೋ ಕಾಲವಾಯಿತು.

ಊಟದ ಹೊತ್ತಿನಲ್ಲೇ ಕೇಳಿದೆ, ನೀವು ಬೇಡವೆಂದಿದ್ದರೂ.

“ನಕ್ಷತ್ರ ಎಂಟು, ಅದು ನೀವು ಬರೆದಿದ್ದು ಅಲ್ವಾ?”

“ಯಾವತ್ತಿನ ಮಾತು! ಅಮ್ಮ ನೋಡಿ ಪಾಸ್ ಮಾಡಿದ್ದು ಅದು.”

“ಬರೆದಿದ್ದು ಯಾರು ಅಂತ ಕೇಳಿದೆ.”

“ಸಾಲು ಸೇರಿಸಿದ್ದು ನೀನು. ಮೇಲ್ಗಡೆ ಓದ್ದೇ ಇದ್ದಿದ್ದು ನೀನು. ಈಗ ನನ್ನ ಸಂದರ್ಶನ ಮುಗಿದ ಮೇಲೆ ಹುಡುಕ್ಕೊಂಡು ಬಂದ್ಯಾ?”

“ಅಮ್ಮ ಬರೆದಿದ್ದು ಅಂದ್ರಲ್ಲ.”

“ಅವಳಿಗೇನಾಗತ್ತೆ? ರಿಟೈರ್ ಆಗಿದಾಳೆ.”

ತುತ್ತು ಸಲೀಸಾಗಿ ಇಳಿಯಿತು. ಮಜ್ಜಿಗೆಗೆ ಉಪ್ಪು ಕಡಿಮೆ ಎಂದರು.

ಆ ಹೊಲಿಗೆಯಾಕೆಯ ಮನೆಗೆ ಹೋಗಿದ್ದೆ. ಬೈಯುತ್ತಾಳೆಂದು ಸಿದ್ಧವಾಗಿದ್ದೆ, ಬೈಯಲಿಲ್ಲ. ತಾಯಿ ಕಿಟಕಿಯ ಹತ್ತಿರ ಕೂತಿದ್ದರು. “ಈಗ ಎಲ್ಲದಕ್ಕೂ ಒಂದೇ ಸದ್ದು ಮಾಡ್ತಾಳೆ. ನೀರಿಗೂ ಅದೇ, ನೋವಿಗೂ ಅದೇ, ನಂಗೂ ಅದೇ” ಎಂದಳು. ನನ್ನನ್ನು ನೋಡಿಯೂ ಅವರು ಆ ಸದ್ದು ಮಾಡಿದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬರೆ ನನಗೆ ಬಿತ್ತು, ಸರಿ. ನನಗೆ ಗೊತ್ತಾಗದಿರುವುದು ಒಂದೇ. ಆ ಸಾಲು ಅಲ್ಲಿದೆಯೆಂದು ಗೊತ್ತಿದ್ದೂ ನೀವು ಯಾಕೆ ಬಿಟ್ಟಿರಿ? ಪ್ರತಿಯೊಂದನ್ನೂ ತಿದ್ದಿದವರು ಅದೊಂದನ್ನು ಯಾಕೆ ಬಿಟ್ಟಿರಿ?

ಉತ್ತರ ಈ ವಿಳಾಸಕ್ಕೆ ಬರಲಿ.


ಮಗಳ ಮನೆಯಿಂದ,
20 ಜುಲೈ 1991

ನಕ್ಷತ್ರಗಳನ್ನೆಲ್ಲ ಅವನ ಕೈಯಲ್ಲೇ ತೆಗೆಸಿದೆ. ಕೊನೆಯದೊಂದು, ರೋಗಿಯ ಗುರುತು ನೋಡುವ ಕಡೆಯದು, ಉಳಿದಿತ್ತು. “ಅದನ್ನೂ ಸರಿ ಮಾಡಿದೆ ಅಮ್ಮ” ಎಂದ. ಬೇರೆ ಯಾರೇ ಹೇಳಿದ್ದರೂ ಲಿಸ್ಟಿಂಗ್ ತರಿಸಿ ನೋಡುತ್ತಿದ್ದೆ. ಅವನನ್ನು ಎರಡನೇ ಸಲ ಕೇಳಲಿಲ್ಲ. ನಿನ್ನ ಮೊದಲ ಪತ್ರ ಓದಿದಾಗ, ಅವನು ತೆಗೆದಿರಲಿಲ್ಲ ಎಂದು ತಿಳಿಯಿತು.

ನಾನು ಬರೆದೆನೆಂದು ಅವನು ಹೇಳಿದನೇ? ನಿನ್ನ ಪತ್ರದಲ್ಲಿ ಆ ಭಾಗವನ್ನು ಮತ್ತೆ ಮತ್ತೆ ಓದಿದೆ. ಮಗಳು ಬಂದು, ಯಾಕಮ್ಮಾ ಕನ್ನಡಕ ಬೇಕಾ ಎಂದು ಸನ್ನೆ ಮಾಡಿದಳು.

ಅವನು ಹಾಗೆ ಹೇಳಿದ್ದರೆ, ಅದು ನಾನು ಬರೆದದ್ದೇ. ಮುಖ್ಯಾಧಿಕಾರಿಗಳಿಗೆ ಹಾಗೆಂದು ಇವತ್ತು ಬರೆದು ಹಾಕಿದ್ದೇನೆ, ಸಹಿ ಮಾಡಿ. ನಿನ್ನ ಕೆಲಸ ನಿನಗೆ ಸಿಗಬಹುದು. ಇನ್ನು ಅವನನ್ನು ಏನೂ ಕೇಳಬೇಡ.


ಬಾಡಿಗೆ ಕೋಣೆಯಿಂದ,
11 ಸೆಪ್ಟೆಂಬರ್ 1991

ಗಣಕ ವಿಭಾಗದ ಮಾಜಿ ಮುಖ್ಯಸ್ಥೆಯವರಿಗೆ,

ನಿಮ್ಮ ಸಹಿಯಿದ್ದ ಪತ್ರವನ್ನು ಸಮಿತಿ ಒಪ್ಪಿಕೊಂಡಿತು. ನನ್ನನ್ನು ಕೆಳಗಿನ ದರ್ಜೆಯಲ್ಲಿ ವಾಪಸ್ ತೆಗೆದುಕೊಂಡಿದ್ದಾರೆ. ಆ ಪತ್ರ ಸುಳ್ಳೆಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಬಾಯಿಬಿಟ್ಟರೆ ಕೆಲಸ ಹೋಗುತ್ತಿತ್ತು, ಸುಮ್ಮನಿದ್ದೆ. ಸುಮ್ಮನಿರುವುದನ್ನು ನಾನು ಎಲ್ಲಿ ಕಲಿತೆ ಎಂದು ನಿಮಗೆ ಗೊತ್ತು.

ಕಚೇರಿಯಲ್ಲಿ ನಿಮ್ಮ ಹೆಸರನ್ನು ಈಗ ಬೇರೆ ರೀತಿ ಹೇಳುತ್ತಾರೆ. “ಅಷ್ಟು ದೊಡ್ಡ ಮನುಷ್ಯೆ, ನೋಡಿ, ಎಂಥ ಚಿಕ್ಕ ತಪ್ಪು” ಎನ್ನುತ್ತಾರೆ. ನಿಮ್ಮ ಮಗ ಅದನ್ನು ಕೇಳಿಸಿಕೊಂಡು ತಲೆಯಾಡಿಸುತ್ತಾರೆ, ದುಃಖವಿದ್ದವರ ಹಾಗೆ. ಬಾಗಿಲು ಕಾಯುವವನು ಮಾತ್ರ ನಂಬಿಲ್ಲ. “ದೊಡ್ಡಮ್ಮಾವ್ರು ಎಣಿಸೋರಲ್ಲ” ಎನ್ನುತ್ತಾನೆ. ಅವನಿಗೆ ಯಾರು ಹೇಳಿಕೊಟ್ಟರೋ.

ಆ ಪ್ರೋಗ್ರಾಮನ್ನು ಸರಿಪಡಿಸುವ ಕೆಲಸ ನನಗೇ ಬಂತು. ನಕ್ಷತ್ರ ತೆಗೆದೆ. ‘ಕತ್ತರಿಸು’ ಎಂಬುದರ ಕೆಳಗಿನ ಸಾಲಿಗೆ ಒಂದು ಹೆಸರಿಟ್ಟು, ರೋಗಿಯಿರುವ ಮನೆಗಳೆಲ್ಲ ಆ ಹೆಸರಿಗೆ ನೆಗೆಯುವ ಹಾಗೆ ಮಾಡಿದೆ. ಹೆಸರು ಎಂಟು ಅಕ್ಷರ ಮೀರಬಾರದು. ನಿಮ್ಮ ಮಗನ ಹೆಸರು ಇಂಗ್ಲಿಷಿನಲ್ಲಿ ಬರೆದರೆ ಅಷ್ಟರೊಳಗೆ ಹಿಡಿಸುತ್ತದೆ.

ಬದಲಾವಣೆಗಳಿಗೆಲ್ಲ ಸಹಿ ಹಾಕುವವರು ಈಗ ಅವರೇ. ಕೋಣೆಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ಲಿಸ್ಟಿಂಗ್ ಮುಂದಿಟ್ಟೆ. ಅವರ ಬೆರಳು ಆ ಸಾಲಿಗೆ ಬಂದು ನಿಂತಿತು.

“ಇದೇನಿದು?”

“ಇಳಿಯೋ ಜಾಗ, ಸರ್.”

“ಬೇರೆ ಹೆಸರು ಸಿಗ್ಲಿಲ್ವಾ?”

“ಹೆಸರೇ ಹೊಳೀಲಿಲ್ಲ, ಸರ್.”

ಒಬ್ಬರು ನಕ್ಕರು, ಸಾಹೇಬರನ್ನು ಮೆಚ್ಚಿಸಲು ಇಟ್ಟ ಹೆಸರು ಎಂದುಕೊಂಡು. ನಿಮ್ಮ ಮಗ ನಗಲಿಲ್ಲ. ಬೇಡವೆಂದರೆ, ಯಾಕೆಂದು ನಾಲ್ಕು ಜನರ ಮುಂದೆ ಹೇಳಬೇಕಾಗುತ್ತಿತ್ತು. ಸಹಿ ಹಾಕಿದರು.

ನೀವು ಕೇಳದಿದ್ದರೂ ಆ ಲಿಸ್ಟಿಂಗಿನ ಒಂದು ಹಾಳೆಯನ್ನು ಇದರೊಂದಿಗೆ ಇಟ್ಟಿದ್ದೇನೆ. ಕೊನೆಯ ಪುಟ. ನೀವು ಅಲ್ಲಿಂದಲೇ ಓದುವವರು.